ಸೊಪ್ಪು ಮೇಕೆಗೆ, ಕಡ್ಡಿ ಒಲೆಗೆ: ಶ್ರೀನಿವಾಸಪುರದ ಕಡೆಯ ಒಂದು ಮನೆಯ ಪ್ರಕರಣ

2020ರ ಫೆಬ್ರವರಿ, ಮಧ್ಯಾಹ್ನ ಮೂರು ಗಂಟೆ ಹೊತ್ತು. ನಮ್ಮ ಮನೆಯ ಒಂಬತ್ತು ಮೇಕೆಗಳು ಸೌದೆಗೆ ಅಂತ ನಾವೇ ನೆಟ್ಟಿದ್ದ ಸರ್ವೆ (ಗಾಳಿಮರ) ಗಿಡಗಳ ತಾಕಿಗೆ ನುಗ್ಗಿದವು. ದಾರಿಗೆ ಅಡ್ಡ ಇಟ್ಟಿದ್ದ ಜಾಲಿ ಮುಳ್ಳನ್ನು ಯಾರೋ ಸರಿಸಿ, ಹಾಗೇ ಬಿಟ್ಟು ಹೋಗಿದ್ದರು. ಯಾರು ಅನ್ನುವುದು ಇವತ್ತಿಗೂ ಮನೆಯಲ್ಲಿ ಇತ್ಯರ್ಥವಾಗಿಲ್ಲ. ಅಣ್ಣ ಟೊಮೆಟೊಗೆ ನೀರು ಕಟ್ಟುತ್ತಿದ್ದ. ಪಂಪ್‌ಸೆಟ್ ಓಡಿಸುವ ತ್ರೀ ಫೇಸ್ ಕರೆಂಟ್ ಇದ್ದಷ್ಟು ಹೊತ್ತು ಅವನು ತಲೆ ಎತ್ತುವುದಿಲ್ಲ. ಕರೆಂಟ್ ಹೋದ ಮೇಲೆ ಬಂದು ನೋಡಿದರೆ ಮೊಣಕಾಲೆತ್ತರದ ಗಿಡಗಳ ಸುಳಿಗಳೇ ಇಲ್ಲ. ಮೇಕೆಗಳು ಬದುವಿನ ಮೇಲೆ ಮಲಗಿ ಮೆಲುಕು ಹಾಕುತ್ತಿದ್ದವು.

ಆವತ್ತು ರಾತ್ರಿ ಅಪ್ಪ ಮತ್ತು ಅಣ್ಣನ ನಡುವೆ ನಡೆದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಸಾರಾಂಶ ಇಷ್ಟೇ. ಅಣ್ಣನ ಪ್ರಕಾರ ಮೇಕೆ ಮಾರಬೇಕು. ಅಪ್ಪನ ಪ್ರಕಾರ ಮರ ಬೆಳೆಸುವ ಹುಚ್ಚು ಬಿಡಬೇಕು. ಎರಡೂ ಆಗಲಿಲ್ಲ. ಏನಾಯಿತು, ಹೇಗಾಯಿತು ಅನ್ನುವುದೇ ಈ ಬರಹ. ನಾನು ವಾರಕ್ಕೆ ಎರಡು ದಿನ ಮಾತ್ರ ಊರಲ್ಲಿರುವವನು. ಹೊಲ ನೋಡುವುದು ಅಣ್ಣ, ಅತ್ತಿಗೆ, ಅಪ್ಪ. ನನ್ನ ಕೆಲಸ ಲೆಕ್ಕ ಬರೆಯುವುದು. ಹಾಗಾಗಿ ಇಲ್ಲಿರುವ ಅಂಕಿಗಳು ನಮ್ಮ ಮನೆಯ ನೋಟ್ ಪುಸ್ತಕದವು, ಬೇರೆಲ್ಲಿಂದಲೂ ತಂದವಲ್ಲ.

ಜಮೀನು ಮತ್ತು ತಾತನ ನೀಲಗಿರಿ

ನಮ್ಮದು ಮೂರು ಎಕರೆ ಹತ್ತು ಗುಂಟೆ. ಕೋಲಾರ ಜಿಲ್ಲೆ, ಶ್ರೀನಿವಾಸಪುರ ತಾಲೂಕು. ಮಾವಿಗೆ ಹೆಸರಾದ ತಾಲೂಕು, ಆದರೆ ನಮ್ಮಲ್ಲಿರುವುದು ಮನೆ ಹಿಂದಿನ ಹನ್ನೊಂದು ಮಾವಿನ ಮರ ಅಷ್ಟೇ. ಒಂದು ಎಕರೆ ರಾಗಿ ಹೊಲ, ಅದರಲ್ಲಿ ಅವರೆ, ತೊಗರಿ ಸಾಲು. ಬೋರ್‌ವೆಲ್ ನೀರಿನ ಕೆಳಗೆ 20 ಗುಂಟೆ ಟೊಮೆಟೊ. ಮನೆ, ಕಣ, ಕೊಟ್ಟಿಗೆ, ಮಾವು ಸೇರಿ ಇನ್ನೊಂದು 20 ಗುಂಟೆ. ಉಳಿದ ಒಂದು ಎಕರೆ ಹತ್ತು ಗುಂಟೆ ಪೂರ್ತಿ ನೀಲಗಿರಿ ಇತ್ತು.

ಅದನ್ನು ಹಾಕಿದವರು ತಾತ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ಕೋಲಾರ ಜಿಲ್ಲೆಯ ರಾಗಿ ಹೊಲಗಳೆಲ್ಲ ಸಾಲು ಸಾಲಾಗಿ ನೀಲಗಿರಿಯಾದವು. ಯೋಜನೆ ಹೇಳಿದ್ದು ಹಳ್ಳಿಗೆ ಸೌದೆ, ಮೇವು ಅಂತ. ಆಗಿದ್ದು ಬೇರೆ. ಲಾರಿ ಬಂತು, ಕಡಿದು ಒಯ್ದಿತು. ಹೊಲದವನ ಒಲೆಗೆ ಸಿಕ್ಕಿದ್ದು ಒಣ ಎಲೆ ಮತ್ತು ಪುಳ್ಳೆ. ದನ, ಮೇಕೆ ನೀಲಗಿರಿ ಸೊಪ್ಪಿನ ಹತ್ತಿರವೂ ಸುಳಿಯುವುದಿಲ್ಲ. ಹಾಗಂತ ತಾತನನ್ನು ದೂರಲಾರೆ. ಮಳೆ ಸರಾಸರಿ 750 ಮಿಲಿಮೀಟರ್ ಆಸುಪಾಸು, ನಂಬುವ ನದಿ ಒಂದೂ ಇಲ್ಲ, ಕೂಲಿ ಆಳು ಸಿಗುವುದಿಲ್ಲ. ನೀಲಗಿರಿಗೆ ಬೇಲಿ ಬೇಡ, ನೀರು ಬೇಡ, ಕಾಯುವವರು ಬೇಡ. ಕಡಿದರೆ ಬೊಡ್ಡೆಯಿಂದಲೇ ಚಿಗುರುತ್ತದೆ, ಐದಾರು ವರ್ಷಕ್ಕೆ ಇನ್ನೊಂದು ಕಟಾವು. ಯಾರಿಗೆ ಬೇಡ ಅನ್ನಿಸೀತು?

ಅದರ ಬೆಲೆ ಕಟ್ಟಿದ್ದು ಪಕ್ಕದ ರಾಗಿ. ನೀಲಗಿರಿ ಅಂಚಿನಿಂದ ಹತ್ತಿಪ್ಪತ್ತು ಅಡಿವರೆಗೆ ರಾಗಿ ತೆನೆ ಹೆಬ್ಬೆರಳಿಗಿಂತ ದಪ್ಪ ಆಗಿದ್ದನ್ನು ನಾನು ನೋಡಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ, ಅಕೇಷಿಯಾ ನೆಡುವುದನ್ನು ನಿಲ್ಲಿಸಿತು. ಮರುವರ್ಷ ನಮ್ಮ ಕಟಾವು ಬಂತು. ಅಣ್ಣ ಈ ಸಲ ಬೊಡ್ಡೆಯನ್ನೇ ಕೀಳಿಸೋಣ ಅಂದ.

ಬೊಡ್ಡೆ ಕೀಳಿಸುವುದು ಖರ್ಚಿನ ಕೆಲಸ. ಜೆಸಿಬಿ ಗಂಟೆ ಲೆಕ್ಕ. ಆದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ಬೊಡ್ಡೆಗೂ ಗಿರಾಕಿ ಉಂಟು, ಮಾಲೂರಿನ ಕಡೆಯ ಇಟ್ಟಿಗೆ ಗೂಡುಗಳಿಗೆ ಹೋಗುತ್ತದೆ. ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಕಿತ್ತು ಮೂರರಲ್ಲಿ ಎರಡು ಪಾಲು ಒಯ್ಯುವುದು, ನಮಗೆ ಒಂದು ಪಾಲು ಬಿಡುವುದು ಅಂತ ಮಾತಾಯಿತು. ಆ ಒಂದು ಪಾಲು ನಮ್ಮ ಬಚ್ಚಲು ಒಲೆಗೆ ಎರಡು ವರ್ಷ ಬಂತು. ಸೀಳುವುದು ಮಾತ್ರ ನರಕ. ನೀಲಗಿರಿ ಬೊಡ್ಡೆಯ ನಾರು ತಿರುಚಿಕೊಂಡಿರುತ್ತದೆ, ಬೆಣೆ ಹೊಡೆದರೆ ಬೆಣೆಯೇ ಒಳಗೆ ಸಿಕ್ಕಿಕೊಳ್ಳುತ್ತದೆ. ಅಪ್ಪ ಎರಡು ಕೊಡಲಿ ಕಾವು ಮುರಿದರು.

ಮನೆಗೆ ಎಷ್ಟು ಸೌದೆ ಬೇಕು

ಇದನ್ನು ಯಾರೂ ಅಳೆಯುವುದಿಲ್ಲ, ನಾವೂ ಅಳೆದಿರಲಿಲ್ಲ. ಬೊಡ್ಡೆ ರಾಶಿ ಕರಗುತ್ತಾ ಬಂದಾಗ ಅಮ್ಮ ಗೊಣಗಲು ಶುರು ಮಾಡಿದರು. ಆಗ ಕೊಕ್ಕೆ ತಕ್ಕಡಿಯಲ್ಲಿ ಒಂದು ವಾರ ಸೌದೆ ತೂಗಿದೆ. ಜನವರಿಯ ವಾರದಲ್ಲಿ ದಿನಕ್ಕೆ 11 ಕೆ.ಜಿ. ಮೇ ತಿಂಗಳಲ್ಲಿ ಇನ್ನೊಂದು ವಾರ ತೂಗಿದೆ, 7 ಕೆ.ಜಿ. ವ್ಯತ್ಯಾಸ ಪೂರ್ತಿ ಸ್ನಾನದ ನೀರಿನದು. ಆರು ಜನರ ಮನೆ. ಗ್ಯಾಸ್ ಇದೆ, ಟೀ, ಕಾಫಿ, ಅವಸರದ ಅಡುಗೆಗೆ. ಮುದ್ದೆ, ಸಾರು, ಹುರುಳಿ ಬೇಯಿಸುವುದು, ಹಂಡೆ ಎಲ್ಲ ಸೌದೆ. ಸರಾಸರಿ 9 ಕೆ.ಜಿ. ಅಂದುಕೊಂಡರೆ ವರ್ಷಕ್ಕೆ 3,300 ಕೆ.ಜಿ. ಊರಿಗೆ ಬರುವ ಸೌದೆ ಗಾಡಿಯವನ ರೇಟು ಆಗ ಕೆ.ಜಿ.ಗೆ ಐದು ರೂಪಾಯಿ. ಅಂದರೆ ನಾವು ಲೆಕ್ಕಕ್ಕೇ ಇಡದ ಒಂದು ಖರ್ಚು ಹದಿನಾರು ಸಾವಿರ ರೂಪಾಯಿ ದಾಟುತ್ತಿತ್ತು.

ಈ ಅಂಕಿ ನೋಡಿಯೇ 2019ರ ಮಳೆಗಾಲದಲ್ಲಿ ಅಣ್ಣ 600 ಸರ್ವೆ ಸಸಿ ತಂದು ಖಾಲಿಯಾದ ಜಾಗದಲ್ಲಿ 20 ಗುಂಟೆಗೆ ನೆಟ್ಟ. ಸರ್ವೆ ಒಳ್ಳೆಯ ಸೌದೆ, ಅದರಲ್ಲಿ ಎರಡು ಮಾತಿಲ್ಲ. ಅರ್ಧ ಹಸಿ ಇದ್ದರೂ ಉರಿಯುತ್ತದೆ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುವ ಗುಣವೂ ಇದೆ. ಆದರೆ ಎರಡು ವಿಷಯ ನಾವು ಯೋಚಿಸಿರಲಿಲ್ಲ. ಸರ್ವೆ ಕಡಿದರೆ ನೀಲಗಿರಿಯ ಹಾಗೆ ಬುಡದಿಂದ ಚಿಗುರಿ ಬರುವುದಿಲ್ಲ, ಮತ್ತೆ ಸಸಿ ತರಬೇಕು. ಇನ್ನೊಂದು, ಅದೇ ವರ್ಷ ಅಪ್ಪ ಸಂತೆಯಿಂದ ಎಂಟು ನಾಟಿ ಮೇಕೆ, ಒಂದು ಹೋತ ಹಿಡಿದುಕೊಂಡು ಬಂದರು. ಕುರಿಯಾದರೂ ಆಗಿದ್ದರೆ ತಲೆ ತಗ್ಗಿಸಿ ಹುಲ್ಲು ಮೇಯುತ್ತಿತ್ತು. ಮೇಕೆ ತಲೆ ಎತ್ತಿ ಮೇಯುವ ಪ್ರಾಣಿ.

ಗೆದ್ದಲು, ಬೇಸಿಗೆ ಸೇರಿ ಅಷ್ಟೊತ್ತಿಗೆ ಉಳಿದಿದ್ದು 430 ಗಿಡ. ಫೆಬ್ರವರಿಯ ಆ ಮಧ್ಯಾಹ್ನದ ನಂತರ ಎಣಿಸಿದರೆ ಸರಿಯಾಗಿ ಸುಳಿ ಇದ್ದದ್ದು 94.

ಅತ್ತಿಗೆಯ ಮಾತು

ಜಗಳ ಒಂದು ವಾರ ನಡೆಯಿತು. ಮುಗಿಸಿದ್ದು ಅತ್ತಿಗೆ. ಅವರ ತವರು ಶಿಡ್ಲಘಟ್ಟದ ಕಡೆ, ರೇಷ್ಮೆ ಮನೆ. ಅಲ್ಲಿ ಹುಳು ಸೊಪ್ಪು ತಿಂದ ಮೇಲೆ ಉಳಿದ ಹಿಪ್ಪುನೇರಳೆ ಕಡ್ಡಿಯೇ ಒಲೆಗೆ ಹೋಗುವುದು. ಸೌದೆ ಅಂತ ಯಾರೂ ಬೇರೆ ಬೆಳೆಯುವುದಿಲ್ಲ.

"ನಮ್ಮೂರಲ್ಲಿ ಹುಳ ತಿಂದು ಬಿಟ್ಟ ಕಡ್ಡೀಲೇ ಅನ್ನ ಆಗ್ತದೆ. ಇಲ್ಲಿ ಮೇಕೆ ತಿಂದು ಬಿಟ್ಟ ಕಡ್ಡೀಲಿ ಯಾಕಾಗಬಾರದು?" ಅಂದರು.

ಅಪ್ಪ ನಕ್ಕರು. ಅಣ್ಣ ನಗಲಿಲ್ಲ. ನನಗೆ ಆಗಲೇ ಅನ್ನಿಸಿದ್ದು, ನಾವು ಸೌದೆಗೊಂದು ಜಾಗ, ಮೇವಿಗೊಂದು ಜಾಗ ಅಂತ ಮೂರು ಎಕರೆಯನ್ನು ಹರಿದು ಹಂಚುತ್ತಿದ್ದೆವು. ಸೌದೆಯನ್ನು ಸೌದೆಗೆ ಅಂತಲೇ ಬೆಳೆಯುವುದು ದೊಡ್ಡ ಜಮೀನಿದ್ದವರ ಕೆಲಸ. ಮೇವಿನ ಗಿಡ ಬೆಳೆದರೆ ಸೌದೆ ಅದರ ಬೆನ್ನಿಗೇ ಬರುತ್ತದೆ. ಅದಕ್ಕೆ ಹೊಲ ಬೇಕಿಲ್ಲ, ಬದು ಸಾಕು.

2020ರ ಜೂನ್‌ನಲ್ಲಿ ಬದುಗಳ ಮೇಲೆ ಗೊಬ್ಬರದ ಗಿಡ ನೆಟ್ಟೆವು. ಗ್ಲಿರಿಸಿಡಿಯಾ ಅನ್ನುವುದು ಅದರ ಇನ್ನೊಂದು ಹೆಸರು. ರೆಂಬೆ ಕಡಿದು ನೆಟ್ಟರೂ ಬರುತ್ತದೆ, ಆದರೆ ಮಳೆ ನಂಬಿಕೊಂಡ ಕಡೆ ಬೀಜದ ಸಸಿಯೇ ವಾಸಿ, ಬೇರು ಆಳಕ್ಕೆ ಇಳಿಯುತ್ತದೆ. ಪಾಕೀಟಿನಲ್ಲಿ ಬೀಜ ಹಾಕಿ ಅಮ್ಮ ಬಚ್ಚಲ ನೀರಲ್ಲೇ ಸಾಕಿದರು. ಸುತ್ತಲಿನ ಬದು, ಒಳಗಿನ ಬದು ಸೇರಿ ಒಂದು ಮೀಟರ್ ಅಂತರದಲ್ಲಿ 520 ಸಸಿ. ಅದರ ಜೊತೆಗೆ ಸೊಪ್ಪಿನ ಮರಗಳೇ ಆದ ಮೂವತ್ತು ಸುಬಾಬುಲ್, ಇಪ್ಪತ್ತು ಅಗಸೆ (ಎಣ್ಣೆಬೀಜದ ಅಗಸೆಯಲ್ಲ, ಮರ).

ಟೊಮೆಟೊ ಪಕ್ಕದ ಬದುವಿಗೆ ಮಾತ್ರ ಇವು ಬೇಡ ಅಂದವನು ಅಣ್ಣ. ಟೊಮೆಟೊಗೆ ವಾರಕ್ಕೊಮ್ಮೆಯಾದರೂ ಔಷಧಿ ಹೊಡೆಯಬೇಕಾಗುತ್ತದೆ. ಗಾಳಿಗೆ ಅದು ಬದುವಿನ ಸೊಪ್ಪಿನ ಮೇಲೆ ಕೂರುತ್ತದೆ, ಅದನ್ನು ಮೇಕೆಗೆ ಹಾಕುವಂತಿಲ್ಲ. ಅಲ್ಲಿಗೆ ಹೊಂಗೆ ಹಾಕಿದೆವು. ಹೊಂಗೆ ಸೊಪ್ಪನ್ನು ಮೇಕೆ ಅಷ್ಟಾಗಿ ಮುಟ್ಟುವುದಿಲ್ಲ, ಹೊಲಕ್ಕೆ ಗೊಬ್ಬರವಾಗುತ್ತದೆ, ರೆಂಬೆ ಒಳ್ಳೆಯ ಸೌದೆ. ಇಡೀ ಪ್ರಕರಣದಲ್ಲಿ ಮೊದಲ ಸಲವೇ ಸರಿಯಾಗಿ ಕೂತ ತೀರ್ಮಾನ ಇದೊಂದೇ ಇರಬೇಕು.

ಕಾಯುವ ಹದಿನಾಲ್ಕು ತಿಂಗಳು

ಗಿಡ ಸೊಂಟದೆತ್ತರ ದಾಟಿ ಬುಡ ಗಟ್ಟಿಯಾಗುವವರೆಗೆ ಮೇಕೆ ಹೊರಗೆ ಬಿಡುವಂತಿಲ್ಲ. ಇದೇ ಕಷ್ಟದ ಕಾಲ. ಗಿಡದಿಂದ ಸೊಪ್ಪು ಬರುವುದಿಲ್ಲ, ಮೇಕೆಗೆ ಮೇಯಲು ಜಾಗವಿಲ್ಲ. ಕಟ್ಟಿ ಮೇಯಿಸಬೇಕು, ಎಲ್ಲವನ್ನೂ ಹೊತ್ತು ತರಬೇಕು. 30 ಕೆ.ಜಿ. ತೂಗುವ ಮೇಕೆ ದಿನಕ್ಕೆ ಒಣ ಲೆಕ್ಕದಲ್ಲಿ ತನ್ನ ತೂಕದ ಶೇಕಡ 3ರಿಂದ 4ರಷ್ಟು ತಿನ್ನುತ್ತದೆ. ಹಸಿ ಮೇವಿನ ಲೆಕ್ಕದಲ್ಲಿ ನಾಲ್ಕು ಕೆ.ಜಿ. ಹತ್ತಿರ. ಒಂಬತ್ತಕ್ಕೆ ದಿನಾ ಒಂದು ದೊಡ್ಡ ಹೊರೆ. ಈ ಹೊರೆ ಹೊತ್ತವರು ಅತ್ತಿಗೆ ಮತ್ತು ಅಪ್ಪ. ನೋಟ್ ಪುಸ್ತಕದಲ್ಲಿ ಅದಕ್ಕೆ ಕೂಲಿ ಬರೆದಿಲ್ಲ. ಬರೆದಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು, ಅದನ್ನು ಒಪ್ಪಿಕೊಳ್ಳಬೇಕು.

2021ರ ಬೇಸಿಗೆಯಲ್ಲಿ ಎಡವಿದೆವು. ಲಾಕ್‌ಡೌನ್, ಯಾರೂ ಎಲ್ಲೂ ಹೋಗುವಂತಿಲ್ಲ. ಹಸಿರು ಅಂತ ಕಂಡದ್ದು ಕೆರೆ ಅಂಚಿನ ಸುಬಾಬುಲ್ ಮಾತ್ರ. ಮೇಕೆಗಳು ಆಸೆಯಿಂದ ತಿಂದವು. ಐದಾರು ವಾರ ಹೆಚ್ಚು ಕಡಿಮೆ ಅದನ್ನೇ ಹಾಕಿದೆವು. ಒಂದು ಬೆಳಗ್ಗೆ ಅಪ್ಪ ಒಂದು ಮೇಕೆಯ ಕುತ್ತಿಗೆ ಸವರಿದರೆ ಕೂದಲು ಕೈಗೇ ಬಂತು. ಬಾಲದ ಬುಡ ಬೋಳು. ಇನ್ನೊಂದು ಗಬ್ಬದ ಮೇಕೆ ನಾಲ್ಕನೇ ತಿಂಗಳಿಗೇ ಮರಿ ಹಾಕಿತು, ಸತ್ತ ಮರಿ.

ಡಾಕ್ಟ್ರು ಬಂದು ಮೊದಲು ಕೇಳಿದ್ದೇ, "ಏನು ಹಾಕ್ತಿದ್ದೀರಿ?" ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಅನ್ನುವ ಅಂಶ ಇರುತ್ತದೆ. ಮೇವಿನ ಮೂರನೇ ಒಂದು ಪಾಲಿನೊಳಗೆ ಇದ್ದರೆ ತೊಂದರೆ ಇಲ್ಲ, ಅದೇ ಊಟವಾದರೆ ಕೂದಲು ಉದುರುತ್ತದೆ, ಜೊಲ್ಲು ಸುರಿಯುತ್ತದೆ, ಮೇವು ಬಿಡುತ್ತದೆ. ಗಬ್ಬದವುಗಳಿಗೆ ಹಾಕಲೇಬೇಡಿ ಅಂದರು. ಮರಿ ಸತ್ತದ್ದು ಇದರಿಂದಲೇ ಅಂತ ಅವರು ಖಡಾಖಂಡಿತ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಸೊಪ್ಪು ನಿಲ್ಲಿಸಿದ ಎರಡು ತಿಂಗಳಲ್ಲಿ ಕೂದಲು ಮರಳಿ ಬಂತು. ಆಮೇಲೆ ಓದಿ ತಿಳಿದದ್ದು: 1980ರ ದಶಕದಲ್ಲಿ ಆಸ್ಟ್ರೇಲಿಯಾದವರು ಹವಾಯಿಯ ಮೇಕೆಗಳ ಹೊಟ್ಟೆಯಲ್ಲಿ ಈ ವಿಷವನ್ನು ಕರಗಿಸುವ ಬ್ಯಾಕ್ಟೀರಿಯ ಇರುವುದನ್ನು ಕಂಡು, ಅದನ್ನು ತಮ್ಮ ದನಗಳ ಹೊಟ್ಟೆಗೂ ಸೇರಿಸಿದರಂತೆ. ನಮ್ಮ ಅಪ್ಪನಿಗೆ ಹೇಳಿದೆ. "ಅದೆಲ್ಲ ಬೇಡಪ್ಪ, ಕಮ್ಮಿ ಹಾಕಿದ್ರೆ ಆಯ್ತಲ್ಲ" ಅಂದರು.

ಅಗಸೆ ಕಥೆ ಚಿಕ್ಕದು. ಮೇಕೆಗೆ ಅಗಸೆ ಸೊಪ್ಪು ಅಂದರೆ ಪ್ರಾಣ. ಅದನ್ನು ಕಂಡು ನಾವು ಬುಡದ ತನಕ ಸವರಿದೆವು. ಅಗಸೆ ಆ ಪೆಟ್ಟು ತಡೆಯುವುದಿಲ್ಲ. ಇಪ್ಪತ್ತರಲ್ಲಿ ಉಳಿದದ್ದು ಮೂರು.

ಕಟ್ಟು ತೂಗುಹಾಕುವ ಕೆಲಸ

2021ರ ಆಗಸ್ಟ್‌ನಲ್ಲಿ ಮೊದಲ ಸಲ ಗೊಬ್ಬರದ ಗಿಡ ಸವರಿದೆವು. ಎದೆಮಟ್ಟಕ್ಕೆ ಮಚ್ಚಿನಲ್ಲಿ ಓರೆಯಾಗಿ ಒಂದೇ ಏಟು. ಹರಿದ ಹಾಗೆ ಕಡಿದರೆ ನೀರು ನಿಂತು ಬುಡ ಕೊಳೆಯುತ್ತದೆ. ಹೆಮ್ಮೆಯಿಂದ ಹೊರೆ ತಂದು ದೊಡ್ಡಿಯಲ್ಲಿ ಹಾಕಿದರೆ ಮೇಕೆಗಳು ಮೂಸಿ ನೋಡಿ ಹಿಂದೆ ಸರಿದವು. ಒಂದೂ ಬಾಯಿ ಹಾಕಲಿಲ್ಲ. ಗೊಬ್ಬರದ ಗಿಡದ ಹಸಿ ಸೊಪ್ಪಿಗೆ ಒಂದು ಗಾಟು ವಾಸನೆ, ಹೊಸದಾಗಿ ಕಂಡ ಮೇಕೆ ತಿನ್ನುವುದಿಲ್ಲ. ಅಣ್ಣನ ಮುಖ ನೋಡುವ ಹಾಗಿರಲಿಲ್ಲ.

ಉಪಾಯ ಸುಲಭವಿತ್ತು. ಸಂಜೆ ಕಡಿದು, ರಾತ್ರಿ ಹರಡಿ ಬಾಡಿಸಿ, ಬೆಳಗ್ಗೆ ಹಾಕಬೇಕು. ಬಾಡಿದರೆ ವಾಸನೆ ಇಳಿಯುತ್ತದೆ. ಮೊದಲ ನಾಲ್ಕು ದಿನ ರಾಗಿ ಹಿಟ್ಟಿನ ಗಂಜಿ ಸ್ವಲ್ಪ ಚಿಮುಕಿಸಿದೆವು. ಒಂದು ಹಳೇ ಮೇಕೆ ತಿನ್ನಲು ಶುರು ಮಾಡಿತು, ಉಳಿದವು ಅದನ್ನು ನೋಡಿ ಕಲಿತವು. ಈಗಿನ ಮರಿಗಳಿಗೆ ಈ ಯಾವ ಸಂಪ್ರದಾಯವೂ ಬೇಡ. ಹಸಿಯಾಗಿಯೇ ಕಿತ್ತುಕೊಂಡು ತಿನ್ನುತ್ತವೆ.

ಸೊಪ್ಪನ್ನು ಕೆಳಗೆ ಹಾಕಬಾರದು ಅನ್ನುವುದು ಎರಡನೇ ಪಾಠ. ಕಾಲಿಗೆ ಸಿಕ್ಕಿದ್ದನ್ನು, ಹಿಕ್ಕೆ ಬಿದ್ದಿದ್ದನ್ನು ಮೇಕೆ ಮುಟ್ಟುವುದಿಲ್ಲ, ಅರ್ಧ ದಂಡ. ರೆಂಬೆಗಳ ಬುಡ ಮೇಲೆ, ತುದಿ ಕೆಳಗೆ ಬರುವಂತೆ ಕಟ್ಟು ಕಟ್ಟಿ, ಅಡ್ಡ ಗಳಕ್ಕೆ ಮೇಕೆಯ ಮೂತಿ ಎತ್ತರಕ್ಕೆ ತೂಗುಹಾಕಬೇಕು. ನೆಲ ಮುಟ್ಟದ ಮೇವಿನಿಂದ ಜಂತುಹುಳುವಿನ ಕಾಟವೂ ಕಡಿಮೆ. ಮೊದಲು ಎಲೆ ಖಾಲಿ. ಆಮೇಲೆ ಎಳೆ ತೊಟ್ಟು. ರಾತ್ರಿ ಎಲ್ಲರೂ ಮಲಗಿದ ಮೇಲೆ ತೊಗಟೆ. ನಾನು ಊರಿಗೆ ಹೋದ ರಾತ್ರಿ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಮಲಗುತ್ತೇನೆ. ಹತ್ತು ಗಂಟೆ ಮೇಲೆ ಕರ್ ಕರ್ ಅಂತ ಹಲ್ಲಿನಲ್ಲಿ ತೊಗಟೆ ಸುಲಿಯುವ ಸದ್ದು, ನಡುನಡುವೆ ಕಟ್ಟು ಗಳಕ್ಕೆ ಬಡಿಯುವ ಸದ್ದು. ಬೆಳಗ್ಗೆ ನೋಡಿದರೆ ಕಟ್ಟಿನಲ್ಲಿ ಬೆಳ್ಳಗೆ ಸುಲಿದ ಕಡ್ಡಿಗಳು, ಯಾರೋ ಕೂತು ಚಾಕುವಿನಲ್ಲಿ ಹೆರೆದ ಹಾಗೆ.

ನಾವು ಎಣಿಸಿರದ ಲಾಭ ಇದೇ. ತೊಗಟೆ ಇದ್ದ ಕಡ್ಡಿ ನಮ್ಮ ಅಂಗಳದಲ್ಲಿ ಒಣಗಲು ಎರಡು ತಿಂಗಳಿಗೂ ಮೇಲೆ ಹಿಡಿಯುತ್ತಿತ್ತು, ಒಳಗೆ ಗೊರಲೆ ಸೇರುತ್ತಿತ್ತು. ಮೇಕೆ ಸುಲಿದದ್ದು ಬಿಸಿಲಿದ್ದರೆ ಮೂರು ವಾರಕ್ಕೆ ಮುರಿದರೆ ಟಕ್ ಅನ್ನುತ್ತದೆ. ಹೊಗೆಯೂ ಕಡಿಮೆ. ಅಮ್ಮನ ಕೆಮ್ಮು ಕಡಿಮೆಯಾಗಿದ್ದು ಇದರಿಂದಲೇ ಅಂತ ಅತ್ತಿಗೆ ವಾದ. ಅದೇ ವರ್ಷ ಅಡುಗೆ ಮನೆ ಹೆಂಚು ತೆಗೆದು ಹೊಗೆ ಗೂಡು ಎತ್ತರಿಸಿದ್ದೆವು, ಅದರ ಪಾಲೂ ಇರಬಹುದು.

ಒಲೆಯ ಮಾತು ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡ ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಕೆಲಸ ಮಾಡುತ್ತಾ ರೂಪಿಸಿದ ಅಸ್ತ್ರ ಒಲೆ ಹಿಂದೆ ನಮ್ಮ ಮನೆಯಲ್ಲೂ ಇತ್ತು. ಮೂರು ಪಾತ್ರೆಯ ಒಲೆ. ಸೌದೆ ಉಳಿಸುತ್ತಿತ್ತು, ಆದರೆ ಕಡ್ಡಿ ಸಣ್ಣಗೆ, ಗೇಣುದ್ದ ತುಂಡು ಮಾಡಬೇಕಿತ್ತು. ನೀಲಗಿರಿ ಬೊಡ್ಡೆಯ ಕಾಲದಲ್ಲಿ ಅದು ಯಾರಿಗೆ ಸಾಧ್ಯ? ಅಮ್ಮ ಒಡೆದು ಹಾಕಿದರು. ಈಗ ಮನೆ ತುಂಬ ಸಣ್ಣ ಕಡ್ಡಿ, ಒಲೆ ಇಲ್ಲ. ಮತ್ತೆ ಕಟ್ಟಿಸೋಣ ಅಂದರೆ, "ನಿನ್ನ ಪಾತ್ರೆ ತೂತಿಗೆ ನನ್ನ ಮುದ್ದೆ ತಪ್ಪಲೆ ಕೂರಲ್ಲ ಕಣಪ್ಪ" ಅನ್ನುತ್ತಾರೆ.

ಎಲ್ಲ ಸೇರಿ ಎಷ್ಟಾಯಿತು

2023–24ರ ಲೆಕ್ಕ ಹೇಳುತ್ತೇನೆ, ಅಷ್ಟೊತ್ತಿಗೆ ಗಿಡ ಒಂದು ಹದಕ್ಕೆ ಬಂದಿದ್ದವು. 520ರಲ್ಲಿ ಉಳಿದದ್ದು 410. ವರ್ಷಕ್ಕೆ ಮೂರು ಸಲ ಸವರಿದೆವು. ಗಿಡಕ್ಕೆ ಒಂದು ಸಲಕ್ಕೆ ಮೂರು ಕೆ.ಜಿ. ಹಸಿ ಸೊಪ್ಪು, ವರ್ಷಕ್ಕೆ ಎರಡೂವರೆ ಕೆ.ಜಿ. ಒಣ ಕಡ್ಡಿ. ಸೊಪ್ಪು ಒಟ್ಟು 3,700 ಕೆ.ಜಿ. ಹತ್ತಿರ. ಕೇಳಲು ಜಾಸ್ತಿ, ಆದರೆ ದಿನದ ಲೆಕ್ಕ ಹತ್ತೇ ಕೆ.ಜಿ. ಹದಿನಾಲ್ಕು ದೊಡ್ಡ ಮೇಕೆಗೆ ಬೇಕಾದ ಹಸಿ ಮೇವಿನಲ್ಲಿ ಐದರಲ್ಲಿ ಒಂದು ಪಾಲು. ಉಳಿದದ್ದು ಬದು ಹುಲ್ಲು, ಅವರೆ–ತೊಗರಿ ಹೊಟ್ಟು, ರಾಗಿ ಹುಲ್ಲು, ಕೊಯ್ಲಾದ ಮೇಲೆ ಖಾಲಿ ಹೊಲದಲ್ಲಿ ಮೇಯುವುದು. ಬದು ಗಿಡ ಒಂದರಿಂದಲೇ ಮೇಕೆ ಸಾಕಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಆ ಒಂದು ಪಾಲು ಯಾವಾಗ ಬರುತ್ತದೆ ಅನ್ನುವುದು ಮುಖ್ಯ. ಗೊಬ್ಬರದ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಚಳಿಗಾಲ ಕಳೆಯುತ್ತಲೇ ಎಲೆ ಉದುರಿಸಿ, ಮೈತುಂಬ ನಸುಗೆಂಪು ಹೂ ಬಿಡುತ್ತದೆ. ನೋಡಲು ಚೆಂದ, ಮೇಕೆಗೆ ಏನೂ ಇಲ್ಲ. ನವೆಂಬರ್ ಕೊನೆಯಲ್ಲಿ, ಹಿಂಗಾರು ಮಳೆಯ ತೇವ ಇನ್ನೂ ಇರುವಾಗ ಒಂದು ಸಲ ಸವರಿದರೆ ಹೊಸ ಚಿಗುರು ಬಂದು ಎಲೆ ಬೇಸಿಗೆವರೆಗೂ ನಿಲ್ಲುತ್ತದೆ. ಎಲ್ಲೆಲ್ಲೂ ಒಣಗಿದ ಮಾರ್ಚ್‌ನಲ್ಲಿ ಮೂರು ವಾರದ ಹಸಿರು ಸಿಗುತ್ತದೆ.

ಸೌದೆ ಲೆಕ್ಕ ಹೀಗೆ. ಗೊಬ್ಬರದ ಗಿಡದ್ದು ಒಂದು ಸಾವಿರ ಕೆ.ಜಿ. ಪಕ್ಕದ ಊರಿನ ರೇಷ್ಮೆ ಮನೆಯಿಂದ ಹಿಪ್ಪುನೇರಳೆ ಕಡ್ಡಿ 600. ಬದಲಿಗೆ ಅವರಿಗೆ ಮೇಕೆ ಗೊಬ್ಬರ. ಹುಳುವಿನ ತಟ್ಟೆಯಲ್ಲಿ ಔಷಧಿ ಪುಡಿ ಬಿದ್ದ ಎಲೆಯನ್ನು ನಾವು ಮೇಕೆಗೆ ಹಾಕುವುದಿಲ್ಲ, ಕಡ್ಡಿ ಮಾತ್ರ ತರುತ್ತೇವೆ. ಮಾವಿನ ಒಣ ರೆಂಬೆ 500. ಹೊಂಗೆ, ಜಾಲಿ 500. ಟೊಮೆಟೊಗೆ ಊರುಗೋಲಾಗಿ ನಿಲ್ಲಿಸುವ ಕಡ್ಡಿ ಗೊತ್ತಲ್ಲ, ನಾಲ್ಕೈದು ಬೆಳೆಗೆ ಬುಡ ಕೊಳೆತು ಮೋಟಾಗುತ್ತದೆ. ಕೋಲಾರ ಜಿಲ್ಲೆಯ ಎಷ್ಟೋ ಒಲೆಗಳು ಉರಿಯುವುದು ಅದರಿಂದಲೇ. ಅದೊಂದು 400. ಒಟ್ಟು ಮೂರು ಸಾವಿರ. ಇನ್ನು ಮುನ್ನೂರು ಕೆ.ಜಿ. ಕೊಂಡೆವು, ಎಲ್ಲ ದಪ್ಪ ಸೀಳು.

ಯಾಕೆ ದಪ್ಪ ಸೀಳು? ನಮ್ಮ ಯೋಜನೆಯ ತೂತು ಇಲ್ಲಿದೆ. ಬೆರಳು ದಪ್ಪದ ಕಡ್ಡಿ ಮುದ್ದೆಗೆ ಸರಿ, ಚಪಾತಿಗೆ ಸರಿ. ಹಂಡೆಗೆ ಸರಿಯಲ್ಲ. ಪುರ್ ಅಂತ ಉರಿದು ಹೋಗುತ್ತದೆ, ಮುಂದೆ ಕೂತು ತಳ್ಳುತ್ತಲೇ ಇರಬೇಕು, ಕೆಂಡ ನಿಲ್ಲುವುದಿಲ್ಲ. ಅಪ್ಪನಿಗೆ ಬೆಳಗಿನ ಜಾವ ಒಂದು ಬೊಡ್ಡೆ ತಳ್ಳಿ ಹಾಲು ಕರೆಯಲು ಹೋಗಿ ಅಭ್ಯಾಸ. ವಾಪಸ್ ಬರುವಷ್ಟರಲ್ಲಿ ನೀರು ಕಾದಿರಬೇಕು. ಹಾಗಾಗಿ ಬಾವಿ ಕಡೆಯ ಬದುವಿನ ಇಪ್ಪತ್ತು ಜಾಲಿ, ಹೊಂಗೆ ಗಿಡಗಳನ್ನು ಸವರದೆ ದಪ್ಪಗಾಗಲು ಬಿಟ್ಟಿದ್ದೇವೆ. ಉಳಿದಿದ್ದ 94 ಸರ್ವೆಯಲ್ಲಿ ಈಗ 70 ಇವೆ, ಎತ್ತರಕ್ಕೆ ಬೆಳೆದಿವೆ, ಮೇಕೆಗೆ ಎಟುಕುವುದಿಲ್ಲ. ಅಣ್ಣ ಅವನ್ನು ಸೌದೆಗೆ ಕೊಡುವುದಿಲ್ಲವಂತೆ, ಗಳಕ್ಕಂತೆ. ಸರ್ವೆ, ಸುಬಾಬುಲ್, ಗೊಬ್ಬರದ ಗಿಡ ಇವೆಲ್ಲ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಜಾತಿಗಳು, ಅದೊಂದು ನೆಮ್ಮದಿ.

ಮೇಕೆ ಕಡೆ: ಆ ವರ್ಷ 22 ಮರಿ ಹುಟ್ಟಿದವು, ಮೂರು ಸತ್ತವು, 13 ಮಾರಿದೆವು, ಸರಾಸರಿ 6,500 ರೂಪಾಯಿ. ಬಕ್ರೀದ್ ಮುಂಚೆ ಕೊಟ್ಟ ನಾಲ್ಕು ಹೋತಗಳಿಂದಲೇ ಸರಾಸರಿ ಮೇಲೇರಿದ್ದು. ಬಂದದ್ದು 84,500. ಜೋಳದ ನುಚ್ಚು, ಹಿಂಡಿಗೆ 18,000, ಔಷಧಿ, ಚುಚ್ಚುಮದ್ದು, ಓಡಾಟಕ್ಕೆ 4,000. ಪಿಪಿಆರ್ (ಕುರಿ, ಮೇಕೆಗೆ ಬರುವ ಒಂದು ಅಂಟುರೋಗ) ಲಸಿಕೆ, ಮಳೆಗಾಲಕ್ಕೆ ಮುಂಚೆ ಕರುಳುಬೇನೆ ಲಸಿಕೆ ಎರಡನ್ನೂ ತಪ್ಪಿಸುವುದಿಲ್ಲ. ಮೊದಲ ಮಳೆಯ ಎಳೆ ಹುಲ್ಲು ಹೊಟ್ಟೆಬಿರಿಯ ತಿಂದು ಸಂಜೆ ಚೆನ್ನಾಗಿದ್ದ ಮರಿ ಬೆಳಗ್ಗೆ ಸತ್ತಿರುವುದನ್ನು ಊರಲ್ಲಿ ನೋಡಿದ್ದೇವೆ. ಎರಡು ಸೀಮೆಹಸುಗಳ ಲೆಕ್ಕ ಬೇರೆ, ಡೈರಿ ಹಾಲಿನದು. 2022ರಲ್ಲಿ ಚರ್ಮಗಂಟು ರೋಗ ಬಂದು ಒಂದು ಹಸು ಎರಡು ತಿಂಗಳು ಹಾಲು ಬತ್ತಿಸಿತು. ಆ ಎರಡು ತಿಂಗಳು ಮನೆ ನಡೆದದ್ದು ಮೂರು ಹೋತ ಮಾರಿದ ದುಡ್ಡಿನಲ್ಲಿ.

ಸಗಣಿ ಗ್ಯಾಸ್ ಯಾಕಿಲ್ಲ ಅಂತ ಕೇಳುವವರಿದ್ದಾರೆ. ಎರಡು ಘನ ಮೀಟರ್ ಗ್ಯಾಸಿಗೆ ದಿನಾ 50 ಕೆ.ಜಿ. ಸಗಣಿ ಬೇಕು. ನಮ್ಮ ಎರಡು ಹಸು ಅಷ್ಟು ಹಾಕುವುದಿಲ್ಲ, ಇಪ್ಪತ್ತು ಗುಂಟೆ ಟೊಮೆಟೊ ಆ ಸಗಣಿಯನ್ನೇ ಕಾದು ಕೂತಿರುತ್ತದೆ.

ಪಕ್ಕದ ಹೊಲದ ತಕರಾರು

ಕಳೆದ ವರ್ಷ ಪಡುವಣ ಬದುವಿನ ಆಚೆಯವರು ತಕರಾರು ತೆಗೆದರು. ನಮಗೆ ಸಂಬಂಧವಲ್ಲ, ಆದರೂ ಊರ ವರಸೆಯಲ್ಲಿ ಮಾವ ಅಂತ ಕರೆಯುತ್ತೇವೆ. ನಮ್ಮ ಗಿಡದ ನೆರಳಿಗೆ ಅವರ ರಾಗಿ ಎರಡು ಸಾಲು ಸೊರಗಿದೆ ಅಂತ. ಹೋಗಿ ನೋಡಿದರೆ ನಿಜವೇ. ನೀಲಗಿರಿ ಕಾಲದ ಹಾಗೆ ಇಪ್ಪತ್ತು ಅಡಿಯಲ್ಲ, ಆದರೂ ಎರಡು ಸಾಲು ಎರಡು ಸಾಲೇ. ಹಿಂಗಾರಿನಲ್ಲಿ ನಾವು ಸವರುವುದು ತಡವಾಗಿತ್ತು.

ಅಪ್ಪ ಜಗುಲಿಯಲ್ಲಿ ಕೂರಿಸಿ ಮಾತಾಡಿದರು. "ಮಾವಾ, ಆ ಸಾಲು ನೀವೇ ಸವರಿಕೊಳ್ಳಿ. ನಿಮಗೆ ಯಾವಾಗ ನೆರಳು ಜಾಸ್ತಿ ಅನ್ನಿಸ್ತದೋ ಆವಾಗ. ಸೊಪ್ಪು ನಿಮ್ಮ ಮೇಕೆಗೆ, ಕಡ್ಡಿ ಮಾತ್ರ ನಮಗೆ ಎಸೆದುಬಿಡಿ" ಅಂದರು. ಅವರು ಒಪ್ಪಿದರು. ಆಗ ಅವರ ಹತ್ತಿರ ಮೇಕೆಯೇ ಇರಲಿಲ್ಲ. ಸಂಕ್ರಾಂತಿ ಹೊತ್ತಿಗೆ ಎರಡು ಬಂದವು, ಈಗ ಐದಾಗಿವೆ.

ಈ ಜೂನ್‌ನಲ್ಲಿ ಆ ಸಾಲಿನ 62 ಗಿಡ ಅವರೇ ಸವರಿದರು, ನಮಗಿಂತ ನೀಟಾಗಿ, ಓರೆಯಾಗಿ, ಒಂದೇ ಏಟಿಗೆ. ಸೊಪ್ಪು ಹೊತ್ತುಕೊಂಡು ಹೋದರು. ಎರಡು ವಾರ ಕಳೆದು ಅಮ್ಮ ಅವರ ಮನೆಗೆ ಮಜ್ಜಿಗೆ ಕೊಡಲು ಹೋಗಿದ್ದರು. ಹಿತ್ತಲಲ್ಲಿ ಬೆಳ್ಳಗೆ ಸುಲಿದ ಕಡ್ಡಿಯ ಕಟ್ಟುಗಳು ಗೋಡೆಗೆ ಒರಗಿ ಒಣಗುತ್ತಿದ್ದವಂತೆ. ಕೇಳಿದೆಯಾ ಅಂದೆ. ಅಮ್ಮ ಕೇಳಲಿಲ್ಲವಂತೆ. ನೋಟ್ ಪುಸ್ತಕದಲ್ಲಿ ಆ ಸಾಲಿನ ಕಡ್ಡಿಯ ಕಾಲಮ್ಮು ಖಾಲಿ ಬಿಟ್ಟಿದ್ದೇನೆ.